ಪರಿಶೀಲಕರ ಹೆಸರು ಹೇಳಂಗಿಲ್ಲರಿ

ಯಾರ ಮನೆಯ ನಾಯಿ ಯಾರ ಮನೆಯ ಮುಂದೆ ಮಲಗುತ್ತದೆ ಎಂಬುದೂ ಎಲ್ಲರಿಗೂ ಗೊತ್ತಿರುವ ಸೀಮೆಯಲ್ಲಿ ಗುಟ್ಟಿನ ಕೆಲಸ ಮಾಡಲು ಹೊರಟರೆ, ತಮಾಷೆಯನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅದೇ ಫೋನ್ ಮಾಡುತ್ತದೆ. ನಾನು ಗೋಕಾಕದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಜೊತೆಗೆ ಕಾಲೇಜಿನ ಸಂಶೋಧನಾ ಪತ್ರಿಕೆಯ ಸಂಪಾದಕಿ. ಪತ್ರಿಕೆ ಇರುವುದು ಅಂತರ್ಜಾಲದಲ್ಲಿ. ಯಾರು ಬೇಕಾದರೂ ಪುಕ್ಕಟೆ ಓದಬಹುದು, ಬರೆದವರೂ ಕಾಸು ಬಿಚ್ಚಬೇಕಿಲ್ಲ. ಪುಕ್ಕಟೆ ಎಂದಮೇಲೆ ನಿಯಮವೂ ಸಡಿಲ ಇರುತ್ತದೆಂದು ಜನ ತಿಳಿದರು. ನಾನು ಹಾಗೆ ತಿಳಿಯಲಿಲ್ಲ, ಎಡವಟ್ಟಾದದ್ದು ಅಲ್ಲೇ.

ನಿಯಮ ಸರಳ. ಬಂದ ಲೇಖನದ ಮೇಲಿನ ಹೆಸರು ತೆಗೆದು, ವಿಷಯ ಬಲ್ಲ ಪರಿಶೀಲಕರಿಗೆ ಕಳಿಸಬೇಕು. ಬರೆದವರು ಯಾರೆಂದು ಪರಿಶೀಲಕರಿಗೆ ತಿಳಿಯಬಾರದು, ಪರಿಶೀಲಿಸಿದವರು ಯಾರೆಂದು ಬರೆದವರಿಗೆ ತಿಳಿಯಬಾರದು. ಕಾಲೇಜಿನ ತಪಾಸಣೆಗೆ ತಂಡ ಬರುವುದಿತ್ತು, ಹಾಗಾಗಿ ಈ ನಿಯಮ ಮಾಡಿದವರು ಸ್ವತಃ ನಮ್ಮ ಪ್ರಾಚಾರ್ಯರು.

"ನಿಯಮ ಅಂದ್ರ ನಿಯಮ. ಗುಟ್ಟು ಹೊರಗ ಬಿತ್ತಂದ್ರ ಮುಂದಿನ ವರ್ಷ ನಿಮಗ ಆರ್ಡರ್ ಇಲ್ಲ ನೋಡ್ರಿ ಮೇಡಂ" ಎಂದಿದ್ದರು.

ನನ್ನ ನೌಕರಿ ವರ್ಷವರ್ಷವೂ ಅವರ ಸಹಿಯ ಮೇಲೆ ನಿಂತದ್ದು. ಮನೆಯಲ್ಲಿ ನನ್ನ ಪಗಾರದ ಮೇಲೆಯೇ ಒಲೆ ಉರಿಯುವುದು. ಹೀಗಾಗಿ ನಿಯಮವನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡೆ.

ಊಟ ಮಾಡಿ ಬಂದ ಪರಿಶೀಲಕರು

ಮೊದಲು ಬಂದದ್ದು ಸವಳು ಭೂಮಿಯ ಬಗ್ಗೆ ಒಂದು ಲೇಖನ. ಹೆಸರು ತೆಗೆದು ಹುಕ್ಕೇರಿಯ ಒಬ್ಬ ನಿವೃತ್ತ ಪ್ರಾಧ್ಯಾಪಕರಿಗೆ ಕಳಿಸಿದೆ. ವಾರದ ಮೇಲೆ ಅವರ ಫೋನ್ ಬಂತು.

"ತಂಗಿ, ಲೇಖನದಾಗ ನಾಕು ತಪ್ಪು ಇದ್ದುವು. ನಿನ್ನೆ ಘೋಡಗೇರಿಗೆ ಹೋಗಿ ಹೇಳಿ ಬಂದ್ನಿ."

"ಯಾರಿಗ್ರಿ ಸರ್?"

"ಬರದಾಂವಗ. ‘ನಮ್ಮ ಹೊಲದ ಬಾಜೂ ಹಳ್ಳ’ ಅಂತ ಬರದಾನ. ಆ ಹಳ್ಳ ನನಗ ಗೊತ್ತಿಲ್ಲೇನು?"

"ಸರ್, ಮುಚ್ಚಿದ ಲಕೋಟೆಯೊಳಗ ಬರದು ನನಗ ಕೊಡಬೇಕಿತ್ತಲ್ರಿ."

"ಮಾರಿ ತೋರಿಸದ, ಒಬ್ಬರ ತಪ್ಪು ತಗಿಯೂದು ನಮ್ಮ ಮನಿತನದಾಗ ಇಲ್ಲವಾ. ಎದುರಿಗೆ ಕುಂತು ಹೇಳಬೇಕು."

"ಆದ್ರ ಗುಟ್ಟು, ಸರ್?"

"ಗುಟ್ಟು ಇಟ್ಟೇನಿ. ಜ್ವಾಳದ ರೊಟ್ಟಿ, ಎಣ್ಣಿಗಾಯಿ ಪಲ್ಯಾ ಹಾಕಿ ಊಟಕ್ಕ ಕುಂಡ್ರಿಸಿದ್ರು, ಕೈ ತೊಳಕೊಂಡು ಏಳೂತನಕಾ ನನ್ನ ಹೆಸರು ಹೇಳಲಿಲ್ಲ ನೋಡು."

ಇನ್ನೂ ಬೀಗರಾಗಿಲ್ಲ

ಇದಾದ ಮೇಲೆ ನಾನು ಹುಷಾರಾದೆ. ಗುರುತು ಹೇಗೂ ಸಿಕ್ಕೇ ಸಿಗುತ್ತದೆ, ಕನಿಷ್ಠ ಬಳಗದವರು ಬಳಗದವರದನ್ನು ನೋಡುವುದಾದರೂ ತಪ್ಪಲಿ ಎಂದು ಪ್ರತಿಯೊಬ್ಬ ಪರಿಶೀಲಕರಿಗೂ ಒಂದು ಪ್ರಶ್ನೆ ಕೇಳತೊಡಗಿದೆ: ಬರೆದವರ ಗುರುತು ಸಿಕ್ಕಿದ್ದರೆ, ಅವರು ನಿಮ್ಮ ಬಂಧುಗಳೇ?

ಬೆಲ್ಲದ ಬಾಗೇವಾಡಿಯ ಒಬ್ಬ ಪರಿಶೀಲಕರು ಬಲು ಪ್ರಾಮಾಣಿಕರು. ಫೋನಿನಲ್ಲಿ ತುಸು ಯೋಚಿಸಿ ಹೇಳಿದರು: "ಸದ್ಯಕ್ಕ ಅಲ್ರಿ. ನಮ್ಮ ತಂಗಿ ಮಗಳ ಫೋಟೊ ಅವರ ಮನಿಗೆ ಕಳಿಸೇವಿ, ಇನ್ನೂ ಉತ್ತರ ಬಂದಿಲ್ಲ. ನನ್ನ ಅಭಿಪ್ರಾಯಕ್ಕ ಐತವಾರದ ತನಕಾ ತಡೀರಿ."

"ಐತವಾರ ಏನೈತ್ರಿ?"

"ಹುಡುಗಿ ನೋಡಾಕ ಬರತಾರ್ರಿ. ಒಪ್ಪಿದ್ರ ನಾ ಲೇಖನ ಮುಟ್ಟಂಗಿಲ್ಲ, ನಿಯಮ. ಒಪ್ಪದಿದ್ರ ಛಲೋತ್ನಾಗಿ ನೋಡತೀನಿ."

ಅಜ್ಜಾರ ಈಮೇಲ್

ತುಕ್ಕಾನಟ್ಟಿಯ ಒಬ್ಬ ತರುಣ ಉಪನ್ಯಾಸಕ ಅರಿಶಿಣ ಬೆಳೆಯ ರೋಗದ ಬಗ್ಗೆ ಚಂದದ ಲೇಖನ ಕಳಿಸಿದ. ಲೇಖನ ಎರಡು ಪುಟ, ಲೇಖಕರು ಒಂದು ಪುಟ. ಕಾಕಾ, ದೊಡ್ಡಪ್ಪ, ಊರಿನ ಸೊಸಾಯಿಟಿ ಅಧ್ಯಕ್ಷರು, ಎಲ್ಲರೂ ಲೇಖಕರೇ. ಅವನ ಹೆಸರು ಕಟ್ಟಕಡೆಗೆ.

ಕರೆದು ಕೇಳಿದೆ. "ಇದನ್ನ ಬರದವರು ಯಾರು?"

"ನಾನ ರಿ ಮೇಡಂ."

"ಮತ್ತ ಇವರೆಲ್ಲಾ?"

"ಹಿರಿಯರನ್ನ ಬಿಟ್ಟು ನನ್ನ ಹೆಸರು ಮುಂದ ಹಾಕಿದ್ರ ಚಂದ ಕಾಣತೈತೇನ್ರಿ? ಲಗ್ನಪತ್ರಿಕಿ ಒಳಗೂ ಹಿಂಗ ಹಾಕತೀವಲ್ರಿ."

ಎಲ್ಲರಿಗಿಂತ ಮೇಲೆ ಅವನ ಅಜ್ಜನ ಹೆಸರಿತ್ತು. ಹೆಸರಿನ ಹಿಂದೆ "ಲಿಂ." ಎಂದು ಬೇರೆ ಇತ್ತು. ಲಿಂಗೈಕ್ಯರಾದವರು ಸಂಶೋಧನೆ ಮಾಡಿದ್ದು ಹೇಗೆ ಎಂದರೆ, "ನಮ್ಮ ಹೊಲದಾಗ ಅರಿಶಿಣಾ ಮೊದಲ ಹಚ್ಚಿದವರ ಅವರ್ರಿ" ಎಂದ. ಹುಡುಗನ ಮನಸ್ಸು ಬಂಗಾರದಂಥದ್ದು, ಗದರಿಸಲು ಬಾಯಿ ಬರಲಿಲ್ಲ. ಸಮಾಧಾನದಿಂದಲೇ ವಿವರಿಸಿದೆ: ಲೇಖಕರು ಎಂದಮೇಲೆ ಪ್ರತಿಯೊಬ್ಬರೂ ಲೇಖನ ಓದಿ, ಒಪ್ಪಿದ್ದೇನೆ ಎಂದು ತಮ್ಮ ತಮ್ಮ ಈಮೇಲಿನಿಂದ ಬರೆದು ಕಳಿಸಬೇಕು.

ಅವನು ತಲೆ ಕೆರೆದುಕೊಂಡ. ಆಮೇಲೆ ಕೇಳಿದ: "ಕಾಕಾಗೋಳದ್ದು ತರತೀನ್ರಿ. ಅಜ್ಜಾರದ್ದು ಕಡ್ಡಾಯ ಏನ್ರಿ?"

ಮೋಟಾರಿನ ಸಂಶೋಧನೆ

ನಮ್ಮ ನಿಯಮದ ಕಾಟಕ್ಕೆ ಬೇಸತ್ತ ಒಬ್ಬ ಸಹೋದ್ಯೋಗಿ, ದುಡ್ಡು ಕೊಟ್ಟರೆ ಎರಡೇ ದಿನದಲ್ಲಿ ಪ್ರಕಟಿಸುವ ಒಂದು ‘ಅಂತರರಾಷ್ಟ್ರೀಯ’ ಪತ್ರಿಕೆಗೆ ಗಂಟುಬಿದ್ದರು. ಅವಸರದಲ್ಲಿ ಲೇಖನದ ಬದಲು, ಕಾಲೇಜಿನ ಬೋರ್‌ವೆಲ್ ಮೋಟಾರ್ ಸುಟ್ಟಿದೆ, ಹೊಸದು ಕೊಡಿಸಿ ಎಂದು ನಮ್ಮ ಆಡಳಿತ ಮಂಡಳಿಗೆ ಬರೆದಿದ್ದ ಅರ್ಜಿಯನ್ನು ಕಳಿಸಿಬಿಟ್ಟರು. ಮರುದಿನವೇ ಉತ್ತರ ಬಂತು. ಇಬ್ಬರು ಪರಿಣತರು ಕೂಲಂಕಷವಾಗಿ ಪರಿಶೀಲಿಸಿದ್ದಾರೆ, ನಿಮ್ಮ ಸಂಶೋಧನೆ ಜಗತ್ತಿಗೆ ಹೊಸ ಬೆಳಕು, ಸ್ವೀಕರಿಸಿದ್ದೇವೆ, ದುಡ್ಡು ಕಳಿಸಿ.

ಪರದೇಶದವರು ಒಂದೇ ದಿನದಲ್ಲಿ ಒಪ್ಪಿದ ಆ ಅರ್ಜಿಯನ್ನು ನಮ್ಮ ಆಡಳಿತ ಮಂಡಳಿ ಮಾತ್ರ ಇನ್ನೂ ಒಪ್ಪಿಲ್ಲ. ನಾವು ಈಗಲೂ ಟ್ಯಾಂಕರ್ ನೀರನ್ನೇ ಕುಡಿಯುತ್ತಿದ್ದೇವೆ.

ಬೆಲ್ಲದ ಲೇಖನ

ಪತ್ರಿಕೆ ಶುರುವಾದಾಗಲೇ ಪ್ರಾಚಾರ್ಯರು ತಮ್ಮ ಹೆಸರನ್ನೂ ಪರಿಶೀಲಕರ ಪಟ್ಟಿಗೆ ಸೇರಿಸಿದ್ದರು. "ಕಬ್ಬು, ಬೆಲ್ಲ ಅಂತ ಏನ ಬಂದ್ರೂ ನನಗ ಕಳಸ್ರಿ. ನಮ್ಮದು ಗಾಣದ ಮನಿತನಾ" ಎಂದಿದ್ದರು. ಬೆಲ್ಲಕ್ಕೆ ಬೇರೆ ಪರಿಶೀಲಕರು ಇರಲಿಲ್ಲ.

ಕೆಲ ದಿನಗಳ ಮೇಲೆ ಮೂಡಲಗಿ ಸುತ್ತಿನ ಬೆಲ್ಲದ ಗಾಣಗಳ ಬಗ್ಗೆ ಒಂದು ಲೇಖನ ಬಂತು. ಲೇಖಕರು ಪ್ರಾಚಾರ್ಯರೇ. ನಿಜಕ್ಕೂ ಬರೆದವನು ಅವರ ಕೈಕೆಳಗಿನ ಸಂಶೋಧನಾ ವಿದ್ಯಾರ್ಥಿ. ಸಾಹೇಬರ ಅವಸರಕ್ಕೆ ಪಾಪ, ಕುಂತಲ್ಲೇ ಹೊಸೆದಿದ್ದ. ಸಾಹೇಬರು ಅದನ್ನು ಓದಿರಲೂ ಇಲ್ಲ.

ಅವರ ಕೊಠಡಿಗೆ ಹೋಗಿ ಕೇಳಿದೆ: "ಸರ್, ನಿಮ್ಮ ಲೇಖನ ಯಾರಿಗೆ ಕಳಸ್ಲಿ?"

ಮೊಬೈಲಿನಿಂದ ತಲೆ ಎತ್ತದೆ ಹೇಳಿದರು: "ಹೆಸರು ತಗದು, ಆ ವಿಷಯಕ್ಕ ಪಟ್ಟಿಯೊಳಗ ಯಾರದಾರ ಅವರಿಗೆ ಕಳಸ್ರಿ. ನಂದು ಅಂತ ರಿಯಾಯಿತಿ ಬ್ಯಾಡ. ನಿಯಮ ಅಂದ್ರ ನಿಯಮ."

ಪಟ್ಟಿಯಲ್ಲಿರುವವರು ನೀವೇ ಎಂದು ಆ ಕ್ಷಣಕ್ಕೆ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಹೆಸರು ತೆಗೆದು ಅವರಿಗೇ ಕಳಿಸಿದೆ. ತಮ್ಮ ಕೂಸು ತಮಗೆ ಗುರುತು ಸಿಕ್ಕರೆ ನಕ್ಕು ಹಿಂತಿರುಗಿಸುತ್ತಾರೆ ಎಂದುಕೊಂಡಿದ್ದೆ.

ಸಿಗಲಿಲ್ಲ. ದಾರಿಯಲ್ಲಿ ಕಾರಿನಲ್ಲಿ ಕುಳಿತೇ ಫೋನಿನಲ್ಲಿ ಅಭಿಪ್ರಾಯ ಹೇಳಿದರು: "ಒಂದು ಪುಟಾ ಓದೂದ್ರಾಗ ಸಾಕಾತ್ರಿ. ಬರದಾಂವ ಜನ್ಮದಾಗ ಗಾಣ ಕಂಡಂಗಿಲ್ಲ. ಬ್ಯಾರೇದವರ ಕೈಲೆ ಬರಸಿದಂಗ ಐತಿ. ಹಾಕಬ್ಯಾಡ್ರಿ." ನಾನು ಅದನ್ನು ಗ್ರಾಂಥಿಕ ಕನ್ನಡಕ್ಕೆ ಇಳಿಸಿ ಬರೆದುಕೊಂಡೆ.

ನಡುವೆ ಪರೀಕ್ಷೆ ಬಂತು, ರಜೆ ಬಂತು. ಆ ಅಭಿಪ್ರಾಯವಿದ್ದ ಪತ್ರವನ್ನು ಲೇಖಕರಿಗೆ ಕಳಿಸುವ ಹೊತ್ತಿಗೆ ನಮ್ಮ ಆರ್ಡರ್‌ಗಳು ಸಹಿಗೆ ಹೋಗಿದ್ದವು. ಹೆದರಿಕೆ ಆಯಿತು, ಸುಳ್ಳೇಕೆ ಹೇಳಲಿ. ಎರಡು ದಿನ ಪತ್ರ ಮುಂದಿಟ್ಟುಕೊಂಡು ಕುಳಿತಿದ್ದೆ. ಆದರೆ ತುಕ್ಕಾನಟ್ಟಿಯ ಹುಡುಗನಿಗೊಂದು ನಿಯಮ, ಸಾಹೇಬರಿಗೊಂದು ನಿಯಮ ಮಾಡಲು ಮನಸ್ಸು ಒಪ್ಪಲಿಲ್ಲ. ಕಳಿಸಿದೆ.

ಅರ್ಧ ತಾಸಿನಲ್ಲಿ ಕೊಠಡಿಗೆ ಕರೆ ಬಂತು. ಸಾಹೇಬರ ಮುಖ ಬ್ಯಾಡಗಿ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತ್ತು. ನನ್ನ ಆರ್ಡರ್ ಅವರ ಮುಂದೆಯೇ ಬಿದ್ದಿತ್ತು, ಸಹಿ ಆಗಿರಲಿಲ್ಲ.

"ಯಾರ್ರಿ ಇಂವಾ? ನಾ ಗಾಣ ಕಂಡಿಲ್ಲಂತ! ಹೆಸರು ಹೇಳ್ರಿ."

"ಪರಿಶೀಲಕರ ಹೆಸರು ಹೇಳಂಗಿಲ್ಲರಿ ಸರ್."

"ನಾ ಪ್ರಾಚಾರ್ಯ ಕೇಳಾಕತ್ತೇನಿ."

"ನೀವ ಮಾಡಿದ ನಿಯಮ ರಿ ಸರ್."

"ಹಂಗಾದ್ರ ಆ ತಲಿಹಿಡುಕನ ಹೆಸರು ಪಟ್ಟಿಯಿಂದ ಈಗಿಂದೀಗ ಹೊಡೀರಿ."

"ಹೊಡೀತೀನ್ರಿ ಸರ್" ಎಂದೆ. "ಆದ್ರ ಇನ್ನ ಮುಂದ ಬೆಲ್ಲದ ಲೇಖನಾ ಬಂದ್ರ ನಿಮಗ ಕಳಸಾಕ ಬರಂಗಿಲ್ಲರಿ."

ಸಾಹೇಬರು ಪತ್ರವನ್ನು ಇನ್ನೊಮ್ಮೆ ಮೊದಲಿನಿಂದ ಓದಿದರು. ಮಡಚಿ ಕಿಸೆಯಲ್ಲಿಟ್ಟುಕೊಂಡರು. ಮೆಣಸಿನಕಾಯಿಯ ಬಣ್ಣ ನಿಧಾನಕ್ಕೆ ಇಳಿಯಿತು.

"ಹೆಸರು ಯಾರಿಗೂ ಗೊತ್ತಾಗಂಗಿಲ್ಲ ಹೌದಲ್ರಿ?"

"ನಿಯಮ ಅಂದ್ರ ನಿಯಮ ರಿ ಸರ್."

ಅವರು ಪೆನ್ನು ತೆಗೆದು ನನ್ನ ಆರ್ಡರಿಗೆ ಸಹಿ ಹಾಕಿದರು. ಮೇಜಿನ ಮೇಲಿದ್ದ ಕರದಂಟಿನ ಡಬ್ಬಿಯನ್ನು ನನ್ನ ಕಡೆ ಸರಿಸಿದರು. ಒಂದು ತುಂಡು ತೆಗೆದುಕೊಂಡು ಬಾಗಿಲ ತನಕ ಬಂದಿದ್ದೆ, ಹಿಂದಿನಿಂದ ಸಾಹೇಬರ ದನಿ ಕೇಳಿತು.

"ಏನ ಅನ್ರಿ ಮೇಡಂ, ಆ ಪರಿಶೀಲಕ ಮಾತ್ರ ಭಾಳ ಶ್ಯಾಣ್ಯಾ ಅದಾನ."