ಸಿ ಮೇಲೆ ಮಲಗಿರುವ ಬಿಸಿಮುಳ್ಳಿಗೆ

ಮಾನ್ಯ ಮುಳ್ಳು ಸಾಹೇಬರೇ,

ರಾಮನಗರದ ರೇಷ್ಮೆ ನೂಲು ತೆಗೆಯುವ ಗುಲ್ಜಾರ್ ಬೀ ಮಾಡುವ ಸಲಾಮುಗಳು. ನಮ್ಮ ಹಳೆಯ ಅಂಬಾಸಿಡರ್ ಕಾರಿನ ಗಾಜಿನ ಮೀಟರಿನೊಳಗೆ, ಇಂಜಿನ್ನಿನ ಬಿಸಿ ತೋರಿಸುವ ಹುದ್ದೆಯಲ್ಲಿರುವ ತಾವು ಕ್ಷೇಮವೆಂದು ನಂಬಿದ್ದೇನೆ. ಕ್ಷೇಮವಲ್ಲದೆ ಇನ್ನೇನು, ನಾಲ್ಕು ತಿಂಗಳಿಂದ ಮಲಗಿದಲ್ಲೇ ಇದ್ದೀರಿ.

ತಿಪ್ಪಸಂದ್ರದ ಶಾಲೆಯಲ್ಲಿ ನಾನು ಮೂರನೇ ಕ್ಲಾಸು ದಾಟಿದವಳಲ್ಲ. ನನಗೆ ಬರುವ ಇಂಗ್ಲಿಷ್ ಅಕ್ಷರ ಎರಡೇ: ಸಿ ಅಂದರೆ ತಣ್ಣಗೆ, ಎಚ್ ಅಂದರೆ ಬಿಸಿ. ತಮ್ಮ ಗಾಜಿನ ಮೇಲೆ ಬೆರಳಿಟ್ಟು ಅದನ್ನು ಕಲಿಸಿದವರು ತೀರಿಹೋದ ನಮ್ಮ ಯಜಮಾನರು, ಫಕ್ರುದ್ದೀನ್ ಸಾಹೇಬರು. ಹಾಗಾಗಿ ತಾವು ನನಗೆ ಗುರುಸ್ಥಾನದವರು. ಗುರುಗಳು ಪಾಠದ ಹೊತ್ತಿನಲ್ಲಿ ಮಲಗುವುದನ್ನು ನಾನು ಶಾಲೆಯಲ್ಲೂ ನೋಡಿದ್ದೇನೆ.

ಹಳೆಯ ಪೆಟ್ರೋಲ್ ಇಂಜಿನ್ನು ಸತ್ತ ಮೇಲೆ ಮೆಕ್ಯಾನಿಕ್ ಜಬ್ಬಾರ್ ಯಾವುದೋ ವ್ಯಾನಿನ ಡೀಸೆಲ್ ಇಂಜಿನ್ನು ತಂದು ಕೂರಿಸಿದ. ಅಂದಿನಿಂದ ತಾವು ಸಿ ಬಿಟ್ಟು ಕದಲಿಲ್ಲ. ಕೇಳಿದರೆ ಜಬ್ಬಾರ್, "ಮುಳ್ಳು ಹಳೇದು, ಇಂಜಿನ್ನು ಬೇರೇದು, ಇಬ್ರಿಗೂ ಮಾತೇ ನಡೀತಿಲ್ಲ ಕಣಮ್ಮ" ಅನ್ನುತ್ತಾನೆ. ಸೊಸೆ ಬಂದಾಗ ನಾನೂ ಮುನಿಸಿಕೊಂಡು ಮಲಗಿದ್ದೆ, ಆದರೆ ವಾರಕ್ಕೇ ಹಸಿವಾಗಿ ಎದ್ದೆ. ತಮ್ಮ ಛಲಕ್ಕೆ ಕೈ ಮುಗಿಯಬೇಕು.

ಹೋದ ಭಾನುವಾರ ಚನ್ನಪಟ್ಟಣದ ಬೀಗರ ಮನೆಗೆ ಹೊರಟೆವು. ಕೆಂಗಲ್ ಹತ್ತಿರ ಸುಟ್ಟ ವಾಸನೆ ಬಂತು. ತಾವು ಸಿ ಅಂದಿರಿ. ನಾನೂ ಇಳಿದು, ರೇಡಿಯೇಟರಿನ ಪೈಪು ಮುಟ್ಟಿ ನೋಡಿ, ತಣ್ಣಗೇ ಇದೆ ನಡಿ ಎಂದು ಮಗ ಶೋಯೆಬ್‌ಗೆ ಹೇಳಿದೆ. ನಲವತ್ತು ವರ್ಷ ಕುದಿಯುವ ನೀರಿನಲ್ಲಿ ಗೂಡಿನ ಎಳೆ ಹುಡುಕಿದ ಬೆರಳಿಗೆ ಇಂಥ ಬಿಸಿಯೆಲ್ಲ ಲೆಕ್ಕಕ್ಕೇ ಇಲ್ಲ ಎಂಬುದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ನೂರು ಮಾರು ಹೋಗುವುದರೊಳಗೆ ಇಂಜಿನ್ನು ಹಬೆ ಕಕ್ಕಿತು. ಆಂಜನೇಯನ ಗುಡಿಗೆ ಬಂದಿದ್ದ ಭಕ್ತಾದಿಗಳೆಲ್ಲ ಬಿಂದಿಗೆಯಲ್ಲಿ ನೀರು ತಂದು ನಮ್ಮ ಕಾರಿಗೇ ಅಭಿಷೇಕ ಮಾಡಿದರು. ಆಗಲೂ ತಾವು ಸಿ.

ಈಗ ಶೋಯೆಬ್ ಹಟ ಹಿಡಿದಿದ್ದಾನೆ. ಶುಕ್ರವಾರ ತಮ್ಮನ್ನು ಕಿತ್ತೆಸೆದು ಟಿವಿಯಂಥದ್ದೊಂದನ್ನು ಅಂಟಿಸುತ್ತಾನಂತೆ. ಅದರಲ್ಲಿ ಬರುವುದು ಬರೀ ಅಂಕಿ. ಯಜಮಾನರು ಬೆರಳಿಟ್ಟ ಜಾಗ ಅದರಲ್ಲಿ ಎಲ್ಲಿರುತ್ತದೆ?

ಆದ್ದರಿಂದ ತಮ್ಮಲ್ಲಿ ಸವಿನಯ ಅರಿಕೆ. ತಾವು ಪೂರ್ತಿ ಏಳಬೇಕೆಂದಿಲ್ಲ, ಇಂಜಿನ್ನು ಕುದಿಯುವ ಮೊದಲು ಒಂದು ಸಲ ಕೆಮ್ಮಿದರೂ ಸಾಕು. ಅದೂ ಆಗದಿದ್ದರೆ, ಇನ್ನು ಮುಂದೆ ಸಿ ಅಂದರೇ ಬಿಸಿ ಎಂದು ಇಂಗ್ಲಿಷಿನವರಿಂದ ಒಂದು ಆರ್ಡರು ತರಿಸಿಕೊಡಿ. ಈ ವಯಸ್ಸಿನಲ್ಲೂ ತಿದ್ದಿ ಕಲಿಯುತ್ತೇನೆ.

ತಮ್ಮನ್ನು ನಂಬಿ ನಡುರಸ್ತೆಯಲ್ಲಿ ನಿಂತರೂ ಇನ್ನೂ
ತಮ್ಮ ವಿಶ್ವಾಸಿ,
ಗುಲ್ಜಾರ್ ಬೀ

ಬರೆಯಲು ಉಳಿದದ್ದು: ಇವತ್ತು ಶುಕ್ರವಾರ. ತಮಗೆ ಬಿಸಿಯ ಸುದ್ದಿ ಕಳಿಸುತ್ತಿದ್ದ ಹಿತ್ತಾಳೆ ಗುಂಡಿಯನ್ನು ಜಬ್ಬಾರ್ ಆ ಸತ್ತ ಹಳೆಯ ಇಂಜಿನ್ನಿನಿಂದ ಬಿಚ್ಚಿ, ಅಳತೆ ಕೂಡುವಂತೆ ಲೋಹದ ಬಳೆಯೊಂದನ್ನು ಲೇತಿನಲ್ಲಿ ಕಡೆಸಿ, ಹೊಸ ಇಂಜಿನ್ನಿಗೆ ತಿರುಗಿಸಿ ಕೂರಿಸಿದ. ಹಳೆಯ ಗೆಳೆಯನ ದನಿ ಕೇಳಿ ತಾವು ಮೆಲ್ಲಗೆ ಎದ್ದು ನಡುವೆ ನಿಂತಿರಿ. ಸಂತೋಷ. ನಿಜವೋ ನಾಟಕವೋ ನೋಡಬೇಕಲ್ಲ, ನನ್ನ ಬೆರಳನ್ನು ನಂಬದೆ ಶೋಯೆಬ್‌ನ ಕೈಯನ್ನು ಪೈಪಿನ ಮೇಲೆ ಇಡಿಸಿದೆ. ನೂಲು ತೆಗೆಯದ ಕೈ, ಬೀದಿಯೆಲ್ಲ ಕೇಳುವಂತೆ ಕಿರುಚಿದ. ಆ ಕೈಗೆ ಬಟ್ಟೆ ಸುತ್ತಿರುವುದರಿಂದ ತಮ್ಮನ್ನು ಬಿಚ್ಚುವ ಸ್ಕ್ರೂಡ್ರೈವರ್ ಸದ್ಯಕ್ಕೆ ಹಿಡಿಯಲಾರ. ಅವನಿಗೆ ಎಡಗೈ ಇನ್ನೂ ಚೆನ್ನಾಗಿದೆ ಎಂಬುದು ಮಾತ್ರ ತಮ್ಮ ಗಮನದಲ್ಲಿರಲಿ.