ಬೈಕಿನ ಮೇಲೊಂದು ಪ್ರದಕ್ಷಿಣೆ

ಗೋಪಾಲಪ್ಪನವರು ಆ ಭಾನುವಾರವೇ ಜಗುಲಿಗೆ ಸಿಮೆಂಟು ಬಳಿಸಬೇಕೆಂದು ಹೊರಡದೆ ಇದ್ದಿದ್ದರೆ, ಅವರ ಬಾಡಿಗೆದಾರ ಶಶಿಕುಮಾರನ ಮಾನ ಇನ್ನೊಂದಷ್ಟು ದಿನ ಉಳಿದಿರುತ್ತಿತ್ತು.

ಶಶಿಕುಮಾರ ಎಲೆಕ್ಟ್ರಾನಿಕ್ ಸಿಟಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದವನು. ಸರ್ಜಾಪುರದಾಚೆಯ ಈ ಹಳ್ಳಿಯಲ್ಲಿ ಮನೆ ಹಿಡಿದಿದ್ದ. ಹಳ್ಳದಿಣ್ಣೆ ಹಾರುವ ಬೈಕೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದು, ರಜೆ ಬಂತೆಂದರೆ ಗೋಣಿತಾಟು ಹಾಸಿಕೊಂಡು ಅದರ ಮುಂದೆ ಕೂರುತ್ತಿದ್ದ. ಚೈನನ್ನು ಡೀಸೆಲ್ ಹಾಕಿ ಉಜ್ಜುವುದು, ಏರ್ ಫಿಲ್ಟರಿನ ಸ್ಪಂಜನ್ನು ಹೆಂಡತಿ ಶ್ಯಾಮಲಾಳ ಪಾತ್ರೆ ಸೋಪಿನಲ್ಲಿ ತೊಳೆದು ಎಣ್ಣೆ ಹಚ್ಚುವುದು, ಎಲ್ಲವೂ ಎಳೆಗೂಸಿಗೆ ನೀರು ಹಾಕುವಷ್ಟು ಜತನದಿಂದ. ನೋಡಲು ನಿಂತವರಿಗೆ ಪಾಠ ಬೇರೆ ಹೇಳುತ್ತಿದ್ದ. ಈಚೆಗೆ ವಿಡಿಯೋ ನೋಡಿಕೊಂಡು ಹಿಂದಿನ ಶಾಕ್ ಅಬ್ಸಾರ್ಬರ್ ಬಿಚ್ಚಿ ಇನ್ನೂ ಉದ್ದದ್ದೊಂದನ್ನು ಕೂರಿಸಿದ್ದ. ಬೈಕು ಎತ್ತರವಾಯಿತು. ಶಶಿಕುಮಾರ ಮಾತ್ರ ಎಷ್ಟಿದ್ದನೋ ಅಷ್ಟೇ ಉಳಿದ.

ಸೀಟಿನ ಮೇಲೆ ಕೂತರೆ ಎರಡು ಕಾಲೂ ತಂತಿಗೆ ಒಣಹಾಕಿದ ಪ್ಯಾಂಟಿನಂತೆ ಗಾಳಿಯಲ್ಲಿ ತೂಗುತ್ತಿದ್ದವು. ಒಂದು ಪಕ್ಕಕ್ಕೆ ಜಾರಿ ಒಂದೇ ಕಾಲೂರುವ ವಿದ್ಯೆಯನ್ನೂ ಮಾಡಿ ನೋಡಿ ಮೊಣಕೈ ತರಚಿಕೊಂಡಿದ್ದ. ಹಾಗಾಗಿ ಜಗುಲಿಗೆ ಒತ್ತಿ ನಿಲ್ಲಿಸಿ ಹತ್ತುವುದು, ಜಗುಲಿಗೇ ಕಾಲೂರಿ ಇಳಿಯುವುದು ಅಭ್ಯಾಸವಾಯಿತು. ಊರಿಗೆಲ್ಲ ಬೈಕಿನ ಪಾಠ ಹೇಳುವವನಿಗೆ ನೆಲ ಎಟುಕುವುದಿಲ್ಲವೆಂದು ಗೊತ್ತಾದರೆ ತಲೆಯೆತ್ತಿ ಓಡಾಡುವುದು ಹೇಗೆ?

ಅಂದು ಬೆಳಿಗ್ಗೆ ಕೆರೆ ಏರಿಯ ತನಕ ಹೋಗಿ ಬರುವಷ್ಟರಲ್ಲಿ ಗೋಪಾಲಪ್ಪನವರು ಕರಣೆ ಹಿಡಿದು ಜಗುಲಿಗೆ ಅಡ್ಡ ನಿಂತಿದ್ದರು.

"ಇಲ್ಲಿ ಬರಬ್ಯಾಡಿ ಸಾರ್. ಅಸಿ ಐತೆ, ಕಾಲಿಟ್ರೆ ಅಚ್ಚು ಬೀಳ್ತದೆ."

"ಹಂಗೇ ಒಂದು ರೌಂಡ್ ಹೋಗ್ಬಿಟ್ಟು ಬರ್ತೀನಿ ಅಣ್ಣ," ಎಂದು ಶಶಿಕುಮಾರ ಮುಂದೆ ಸಾಗಿದ. ಬೀದಿಯುದ್ದಕ್ಕೂ ಚರಂಡಿ ಅಗೆದುಬಿಟ್ಟಿದ್ದರಿಂದ ಒಂದು ಮೋಟುಗೋಡೆಯ ಹತ್ತಿರಕ್ಕೂ ಹೋಗುವಂತಿರಲಿಲ್ಲ. ಉಳಿದದ್ದು ಗಂಗಮ್ಮನ ಗುಡಿಯ ಕಟ್ಟೆಯೊಂದೇ. ಅಲ್ಲಿ ನೋಡಿದರೆ ಮುದುಕರು ಒಬ್ಬರಿಗೊಬ್ಬರು ಭುಜ ತಾಗಿಸಿ ಕೂತಿದ್ದಾರೆ. ಸ್ವಲ್ಪ ಸರಿಯಿರಿ ಎಂದಿದ್ದರೆ ಸರಿಯುತ್ತಿದ್ದರು. ಯಾಕೆ ಎಂದೂ ಕೇಳುತ್ತಿದ್ದರು. ಇನ್ನೊಂದು ಸುತ್ತಿಗೆ ಯಾರಾದರೂ ಏಳಬಹುದೆಂದು ಅವನು ಗುಡಿಯನ್ನು ಬಳಸಿ ಬಂದ. ಯಾರೂ ಏಳಲಿಲ್ಲ. ಮತ್ತೆ ಬಳಸಿದ.

"ಯಾರ್ಲಾ ಅವ್ನು, ಸುತ್ತಿದ್ದನ್ನೇ ಸುತ್ತುತಾವ್ನೆ," ಎಂದರು ಕಟ್ಟೆಯ ಮೇಲಿದ್ದ ದೊಡ್ಡಮುನಿಯಪ್ಪ.

ಹೂವು ತಂದಿದ್ದ ಚಿಕ್ಕಮುನಿಯಮ್ಮ, ಗೋಪಾಲಪ್ಪನವರ ತಾಯಿ, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. "ನಮ್ಮನೆ ಬಾಡಿಗೆಯೋನು ಕಣಣ್ಣ. ಅರಕೆ ಇರ್ಬೇಕು."

"ಅರಕೆ ಅಂದ್ರೆ ನಡ್ಕೊಂಡಲ್ವಾ ಸುತ್ತೋದು?"

"ಈಗಿನ ಕಾಲದೋರು. ಇಷ್ಟು ಮಾಡೋದೇ ಎಚ್ಚು."

ಮಾತು ಬೀದಿಗೆ ಹಬ್ಬಿತು. ಯಾರೋ ಗಂಟೆ ಬಾರಿಸಿದರು. ಹಿಂದೆ ಸಿಕ್ಕಿಕೊಂಡ ಕಂಪನಿ ಕ್ಯಾಬಿನವನು ಹಾರನ್ ಒತ್ತಿದರೆ ದೊಡ್ಡಮುನಿಯಪ್ಪನವರು, "ವಸಿ ತಡ್ಕೊಳಪ್ಪ, ಅಮ್ಮನ ಸೇವೆ ನಡೀತೈತೆ," ಎಂದು ಗದರಿದರು. ಹರಕೆ ಹೊತ್ತವರ ಕಾಲಿಗೆ ನೀರು ಹಾಕುವುದು ಊರಿನ ವಾಡಿಕೆ. ಗುಡಿಯೆದುರು ಮನೆಯ ಪಿಳ್ಳಮ್ಮ ಬಿಂದಿಗೆ ತಂದು ಚಕ್ರದ ಮುಂದೆ ಸುರಿದಳು. ನೋಡಿದವರು ತಾವೂ ಒಂದೊಂದು ಬಿಂದಿಗೆ ತಂದರು. ಮಣ್ಣಿನ ದಾರಿ ಹುದುಲಾಯಿತು. ಶಶಿಕುಮಾರ ಹ್ಯಾಂಡಲ್ ಬಿಗಿಹಿಡಿದು ಸುತ್ತುತ್ತಲೇ ಇದ್ದ. ಕೊನೆಗೆ ಗಂಗಮ್ಮನ ಎದುರಿಗೇ ಚಕ್ರ ಜಾರಿ, ಬೈಕು ಒಂದು ಕಡೆ ಮಲಗಿತು. ಅವನು ಇನ್ನೊಂದು ಕಡೆ ಕೈ ಮುಂದೆ ಚಾಚಿ ಬೋರಲು ಬಿದ್ದ.

"ಉದ್ದುದ್ದ ಅಡ್ಡಬಿದ್ದ ನೋಡ್ರೇ," ಎಂದು ಪಿಳ್ಳಮ್ಮ ಕೈ ಮುಗಿದಳು.

"ಅರಕೆ ತಾನೇ ಕಣಪ್ಪ?" ಎಂದರು ಚಿಕ್ಕಮುನಿಯಮ್ಮ.

ಕೆಸರು ಮೆತ್ತಿದ ಮುಖವೆತ್ತಿದರೆ ಎದುರಿಗೆ ದೇವಿಯೇ ಕಣ್ಣು ಬಿಟ್ಟು ನೋಡುತ್ತಿದ್ದಳು. ಅವಳ ಮುಂದೆಯೇ ಸುಳ್ಳು ಹೇಳಲು ಶಶಿಕುಮಾರನಿಗೆ ನಾಚಿಕೆಯಾಯಿತು. ನಿಜ ಹೇಳಲು ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

"ಹೂಂ ಅಮ್ಮ. ಹರಕೆ."

ಮುದುಕರೇ ಬೈಕನ್ನು ಎತ್ತಿಕೊಟ್ಟರು. ಬದುಕಿದೆ ಎಂದುಕೊಂಡು ಅವನು ತಳ್ಳಿಕೊಂಡು ಹೊರಡುವಷ್ಟರಲ್ಲಿ ಚಿಕ್ಕಮುನಿಯಮ್ಮ ಹ್ಯಾಂಡಲ್ ಹಿಡಿದರು.

"ನಂದೂ ಒಂದು ಅರಕೆ ಬಾಕಿ ಐತೆ ಕಣಪ್ಪ. ಮಂಡಿ ನೋವು, ನಡೆದು ಸುತ್ತಕ್ಕೆ ಆಗಾಕಿಲ್ಲ. ಬೈಕಲ್ಲಿ ಸುತ್ತಿದ್ರೂ ಅಮ್ಮ ಒಪ್ಕೊಂತಾಳೆ ಅಂತ ನೀನೇ ತೋರಿಸ್ಕೊಟ್ಟೆ. ಇಂದೆ ಕೂರಿಸ್ಕೊ."

ಅವರ ಹಿಂದೆ ಪಿಳ್ಳಮ್ಮ ನಿಂತಿದ್ದಳು. ಅವಳ ಹಿಂದೆ ಊರಿನಲ್ಲಿ ಮಂಡಿ ನೋವಿದ್ದ ಹೆಂಗಸರೆಲ್ಲ ನಿಂತಿದ್ದರು. ಆ ಸಾಲು ಬೀದಿ ಕೊನೆಯ ಬೇವಿನ ಮರವನ್ನೂ ದಾಟಿತ್ತು.

ಮುದುಕಿಯನ್ನು ಕೆಡವಿ ಮೂಳೆ ಮುರಿದರೆ? ಶಶಿಕುಮಾರ ನೆಲ ನೋಡುತ್ತ ಹೇಳಿದ: "ಅಮ್ಮಾ, ಬೇಡ. ಬೀಳಿಸ್ಬಿಡ್ತೀನಿ. ಇದರ ಮೇಲೆ ಕೂತ್ರೆ ನನ್ನ ಕಾಲು ನೆಲಕ್ಕೆ ಎಟುಕಲ್ಲ."

ಯಾರೂ ನಗಲಿಲ್ಲ.

"ಅದು ಊರಿಗೇ ಗೊತ್ತಲ್ಲಪ್ಪ," ಎಂದರು ಚಿಕ್ಕಮುನಿಯಮ್ಮ. "ಕಾಲು ಎಟುಕದಿದ್ರೂ ಒಂದು ಕಿತನೂ ನಿಲ್ಲದಂಗೆ ಸುತ್ತಿದ್ಯಲ್ಲ, ಅದಕ್ಕೇ ನಾವು ಕೈ ಮುಗ್ದಿದ್ದು."

ಗದ್ದಲ ಕೇಳಿ ಕರಣೆ ಬಿಟ್ಟು ಬಂದಿದ್ದ ಗೋಪಾಲಪ್ಪನವರು ಎಡಕ್ಕೆ, ದೊಡ್ಡಮುನಿಯಪ್ಪನವರು ಬಲಕ್ಕೆ ಬೈಕನ್ನು ಹಿಡಿದು ನಿಂತರು. ನಾಲ್ಕು ಜನ ಸೇರಿ ಮೊದಲು ಅವನನ್ನು, ಆಮೇಲೆ ಮುದುಕಿಯನ್ನು ಎತ್ತಿ ಕೂರಿಸಿದರು. ಇಡೀ ಊರಿನ ಎದುರಿಗೆ ಕಾಲು ತೂಗಾಡಿಸಿಕೊಂಡು ಶಶಿಕುಮಾರ ಹೊರಟ; ಹಿಡಿದವರು ಕೈ ಬಿಡದೆ ಎರಡೂ ಪಕ್ಕ ಜೊತೆಗೇ ನಡೆದರು. ಕತ್ತು ಬಗ್ಗಿದ್ದು ಏಳಲಿಲ್ಲ. ಹಿಂದಿನಿಂದ ಚಿಕ್ಕಮುನಿಯಮ್ಮ ಅವನ ಭುಜ ತಟ್ಟಿದರು.

"ಎದರಬ್ಯಾಡ ಕಣಪ್ಪ. ನಮ್ಮ ಗೋಪಾಲ ಚಿಕ್ಕೋನಿದ್ದಾಗ ಸೈಕಲ್ ಕಲ್ಸಿದ್ದೂ ಇಂಗೇಯ."