ವಿಭೂತಿ ಹಚ್ಚಿದ ಬಂಡೆ, ಬೀಗರ ಗಾಳ

ಆ ಭಾನುವಾರ ಬೆಳಿಗ್ಗೆ ಹಳಿಯಾಳದ ನಮ್ಮ ಮನೆಯ ಕಟ್ಟೆಯ ಮೇಲೆ ನಾಲ್ಕು ಜನ ಇದ್ದೆವು. ನಾನು; ಅವರೆಕಾಯಿ ಸುಲಿಯುತ್ತಿದ್ದ ನನ್ನ ಹೆಂಡತಿ ಶಾಂತವ್ವ; ನನ್ನ ಸ್ಕೂಟರಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ ಮೆಕ್ಯಾನಿಕ್ ಮಕ್ತುಂಸಾಬ; ಮತ್ತು ಫೋನಿನೊಳಗೆ, ಕಾರವಾರದ ಗಂಡನ ಮನೆಯಿಂದ, ನನ್ನ ಮಗಳು ವಿದ್ಯಾ.

"ಅಪ್ಪಾ, ಬರೂ ವಾರ ಬುಧವಾರ ನಮ್ಮ ಮಾವ ಅಲ್ಲಿಗೆ ಬರ್ತಾರಂತ," ಎಂದಳು ವಿದ್ಯಾ.

ಶಾಂತವ್ವನ ಕೈಯಲ್ಲಿದ್ದ ಅವರೆಕಾಯಿ ನೆಲಕ್ಕೆ ಬಿತ್ತು.

ಬೀಗರಾದ ಗಣಪತಿಯವರು ನಮ್ಮ ಹೊಸ್ತಿಲು ತುಳಿದು ಒಂದು ವರ್ಷವಾಗಿತ್ತು. ತಪ್ಪು ನನ್ನದೇ. ಅವರು ಕಡಲ ಮಗ್ಗುಲಿನ ದೊಡ್ಡ ಹಿನ್ನೀರಿನ ದಂಡೆಯಲ್ಲಿ ಹುಟ್ಟಿ, ಗಾಳ ಹಿಡಿದೇ ಬೆಳೆದವರು. ನಾವೋ, ಒಗ್ಗರಣೆಗೆ ಉಳ್ಳಾಗಡ್ಡಿ ಒಂದು ಹೆಚ್ಚಾದರೂ ಕಿಟಕಿ ತೆರೆಯುವ ಜನ. ಮದುವೆಯ ಪಂಕ್ತಿಯಲ್ಲಿ ಅವರು ಮಾತಿಗೆಂದು ಮೆಲ್ಲಗೆ, "ನಿಮ್ಮ ಕಡೆ ಮೀನು ಹೇಗೆ?" ಎಂದು ಕೇಳಿದ್ದರು. ನಾನು ಮಹಾಚತುರನಂತೆ, "ನಮ್ಮ ಕಡೆ ಮೀನು ಪಂಚಾಂಗದಾಗ ಅಷ್ಟ ಇರತೈತ್ರಿ!" ಎಂದೆ. ಇಡೀ ಪಂಕ್ತಿ ನಕ್ಕಿತು. ಅವರೊಬ್ಬರು ನಗಲಿಲ್ಲ. ಅಂದಿನಿಂದ ಅವರ ಬಾಯಲ್ಲಿ ನನಗೆ "ಬೀಗರೇ" ಎಂಬ ಮಾತು ಬಂದಿಲ್ಲ. ಫೋನು ಮಾಡಿದರೆ, "ಹಲೋ, ಸೊಸೆಗೆ ಕೊಡ್ತೆ." ಮುಗಿಯಿತು! ನಡುವೆ ಸಿಕ್ಕಿಕೊಂಡು ಒದ್ದಾಡುತ್ತಿದ್ದವಳು ವಿದ್ಯಾ.

"ಈ ಸಲರೆ ಅವರ ಮನಸ್ಸು ನೋಯಿಸಬ್ಯಾಡಪ್ಪಾ," ಎಂದಳು. "ಗಾಳ ಹಾಕಾಕ ಒಂದು ಚಲೋ ಜಾಗಾ ತೋರಸು. ಸಾಕು."

"ಅಲ್ಲೆ ಯಾವ ಮೀನು ಹಿಡಿತಾರವ್ವಾ ಅವರು?"

"ಟಾರ್ಪನ್ ಅಂತ. ಬೆಳ್ಳಿ ತಾಟಿನಂಗ ಹೊಳೀತೈತಿ."

ನಾನು ಸ್ಟೀಲ್ ಭಾಂಡೆ ಅಂಗಡಿಯವನು. ಹೊಳೆಯುವ ವಸ್ತುಗಳ ವಿಷಯದಲ್ಲಿ ನನಗೆ ಹುಟ್ಟಾ ಧೈರ್ಯ. "ಇಲ್ಲೂ ಟಾರ್ಪನ್ ಅದಾವಂತ ಹೇಳಿಬಿಡು!" ಎಂದೆ. ಮಗಳು ಹಿಗ್ಗಿನಿಂದ ಫೋನಿಟ್ಟಳು.

ಮಕ್ತುಂಸಾಬ ಸ್ಕೂಟರಿನಿಂದ ತಲೆ ಎತ್ತಿದ. "ಸಾವಕಾರ್ರ, ಅದು ಸಮುದ್ರದ ಕಡೀ ಮೀನ್ರಿ."

"ಅದ ಕಾಳಿ ಹೊಳಿ ಅಲ್ಲೇನೋ? ದಾಂಡೇಲಿಂದ ಹರದು ಕಾರವಾರಕ್ಕ ಹೋಗತೈತಿ. ನೀರು ಇಳದು ಹೋಗತೈತಿ ಅಂದಮ್ಯಾಲ ಮೀನು ಹತ್ತಿ ಬರಾಕ ಏನ ಧಾಡಿ?"

"ನಡುವ ಡ್ಯಾಮ್ ಅದಾವ್ರಿ. ಮೀನೇನು ನಿಚ್ಚಣಿಕಿ ಹಚ್ಚಿ ಹತ್ತಿ ಬರ್ತಾವ?"

ಶಾಂತವ್ವ ಅವರೆಕಾಯಿ ಆರಿಸಿಕೊಳ್ಳುತ್ತ ಹೇಳಿದಳು: "ಸ್ಕೂಟರ್ ಆಮ್ಯಾಲ ಮಾಡಪಾ. ಮೊದಲ ಇವರ ಬಾಯಿ ರಿಪೇರಿ ಮಾಡು."

ಮಕ್ತುಂಸಾಬ ದಾಂಡೇಲಿಯಲ್ಲಿ ಬೆಳೆದವನು, ಹೊಳೆಯ ಮೀನುಗಳ ಮನೆತನವೆಲ್ಲ ಬಲ್ಲವನು. ನನ್ನ ಮುಖ ನೋಡಿ ಅವನಿಗೆ ಕನಿಕರ ಬಂತು. "ಟಾರ್ಪನ್ ಬಿಡ್ರಿ, ಬ್ಯಾರೆ ಮೀನು ಇರೂ ಜಾಗಾ ತೋರಸ್ತೇನಿ. ಸಿಕ್ಕರ ಒಲಿ ನಂದು, ಮಸಾಲಿ ನಂದು. ನಿಮ್ಮ ಮನಿಗೆ ವಾಸನಿನೂ ಮುಟ್ಟೂದಿಲ್ಲ."

ಅಂದು ಮಧ್ಯಾಹ್ನವೇ ದಾಂಡೇಲಿಗೆ ಹೋಗಿ, ಕೋಗಿಲಬನದ ಆಚೆ ಹೊಳೆಯ ದಂಡೆಗುಂಟ ನಡೆದು ಅವನು ಮೂರು ಬಂಡೆ ತೋರಿಸಿದ. ನನಗೆ ಮೂರೂ ಒಂದೇ ತಾಯಿಯ ಮಕ್ಕಳಂತೆ ಕಂಡವು! ಬುಧವಾರ ಅವನು ಮುಂಡಗೋಡದ ತಂಗಿಯ ಮನೆಗೆ ಹೋಗಿ ಸಂಜೆಗೆ ಬರುವವನಿದ್ದ. ನಾನೊಬ್ಬನೇ ಬೀಗರನ್ನು ಕರೆತರಬೇಕು. ಗುರುತು ಬೇಕಲ್ಲ? ಸುಣ್ಣವಿಲ್ಲ, ಬಣ್ಣವಿಲ್ಲ. ಜೇಬು ತಡಕಿದೆ. ನಿತ್ಯ ಹಣೆಗೆ ಹಚ್ಚುವ ವಿಭೂತಿಗಟ್ಟಿ ಸಿಕ್ಕಿತು. ಹೊಳೆಯಲ್ಲಿ ಕೈ ಒದ್ದೆ ಮಾಡಿಕೊಂಡು, ಮೂರು ಬಂಡೆಗಳಿಗೂ ಮೂರು ಮೂರು ಬೆರಳು ಎಳೆದುಬಿಟ್ಟೆ. ಕೈಯ ರೂಢಿ! ಅಂದವಾಗಿ ಮೂಡಿದವು.

ಮಕ್ತುಂಸಾಬ ತಲೆ ಕೆರೆದುಕೊಂಡ. "ಸಾವಕಾರ್ರ, ಇದು ಬ್ಯಾಡಾಗಿತ್ರಿ. ನಮ್ಮವರು ಕಲ್ಲಿಗೆ ಹಸರು ಬಟ್ಟಿ ಹೊಚ್ಚಿದ್ರ ಏನಾಗತೈತೋ, ನೀವು ಇದನ್ನ ಹಚ್ಚಿದ್ರ ಅದ ಆಗತೈತಿ."

"ಬರೇ ಗುರುತು ಮಾರಾಯಾ!" ಎಂದೆ.

ಹತ್ತು ದಿನ ಕಳೆದು, ಹೇಳಿದ ಬುಧವಾರ ಗಣಪತಿಯವರು ಬಸ್ಸಿಳಿದರು. ಹೆಗಲಿಗೆ ಉದ್ದನೆಯ ಚೀಲದಲ್ಲಿ ಗಾಳದ ಕೋಲು. ಶಾಂತವ್ವನ ಎಣ್ಣೆಗಾಯಿ ಉಂಡು, "ಚಲೋ ಆಗಿದೆ ಅಕ್ಕಾ," ಎಂದರು. ನನಗೆ ಏನೂ ಅನ್ನಲಿಲ್ಲ. ಸ್ಕೂಟರಿನಲ್ಲಿ ದಾಂಡೇಲಿ ಮುಟ್ಟುವವರೆಗೆ ಅವರ ಪರವಾಗಿ ಗಾಳದ ಕೋಲೇ ನನ್ನ ಕಿವಿಗೆ ಆಗಾಗ ತಿವಿದು ಮಾತಾಡಿಸುತ್ತಿತ್ತು.

ಮೊದಲನೆಯ ಬಂಡೆಯ ಜಾಗಕ್ಕೆ ಬಂದೆವು. ಬಂಡೆ ಇರಲಿಲ್ಲ! ನಾನು ನೋಡಿಹೋದದ್ದು ಭಾನುವಾರ; ಅಂದು ಮೇಲಿನ ಡ್ಯಾಮಿನಿಂದ ಬಿಡುವ ನೀರು ಕಡಿಮೆ. ಕೆಲಸದ ದಿನ ಹೊಳೆ ತುಂಬಿ ಬರುತ್ತದೆ. ನನ್ನ ಬಂಡೆ ವಿಭೂತಿಸಮೇತ ಜಲಸಮಾಧಿಯಾಗಿತ್ತು.

"ಇಲ್ಲೆ ಇತ್ರಿ," ಎಂದೆ. ಗಣಪತಿಯವರು ನೀರು ನೋಡಿದರು, ನನ್ನನ್ನು ನೋಡಿದರು, ಮುಂದೆ ನಡೆದರು.

ಎರಡನೆಯ ಬಂಡೆ ಇತ್ತು. ಅದರ ಮೇಲೆ ಮೊಸಳೆಯೂ ಇತ್ತು. ನನ್ನ ವಿಭೂತಿಯ ಮೇಲೆ ಹೊಟ್ಟೆಯಿಟ್ಟು, ಬಿಸಿಲು ಕಾಯಿಸುತ್ತ, ಪರಮಶಾಂತವಾಗಿ ಮಲಗಿತ್ತು. ನಾವು ಬಂದ ದಾರಿಯಲ್ಲೇ, ಬಂದದ್ದಕ್ಕಿಂತ ಬೇಗ, ಹಿಂದಿರುಗಿದೆವು!

ಉಳಿದದ್ದು ಮೂರನೆಯದು, ಎತ್ತರದ ದಂಡೆಯದು. ಮಗಳ ಮುಖ ಕಣ್ಣಮುಂದೆ ಬಂತು. ಶಿವನೇ, ಇದೊಂದನ್ನು ಉಳಿಸಪ್ಪಾ ಎಂದು ಬೇಡಿಕೊಂಡೆ. ಶಿವ ಉಳಿಸಿದ್ದ. ಉಳಿಸಿದ್ದಷ್ಟೇ ಅಲ್ಲ, ತಾನೇ ಬಂದು ಕೂತುಬಿಟ್ಟಿದ್ದ!

ಬಂಡೆಗೆ ಕುಂಕುಮ, ದಾಸವಾಳದ ಹಾರ, ಎದುರಿಗೆ ಊದಿನಕಡ್ಡಿ, ಸುತ್ತ ಇಟ್ಟಂಗಿಯ ಕಟ್ಟೆ, ಮೇಲೊಂದು ತಗಡಿನ ನೆರಳು. ತೆಂಗಿನಕಾಯಿ ಹೋಳು ಹಿಡಿದು ಒಬ್ಬ ಅಜ್ಜಿ ಎದುರಾದಳು. "ಕಾಲ್ಮರಿ ಕಳೀರಿ! ಹ್ವಾದ ವಾರ ಸೋಮಾರ ನಾನ ಮೊದಲ ನೋಡಿದ್ನಿ. ಅರಿವಿ ಒಗ್ಯಾಕ ಬಂದ್ರ, ಕಲ್ಲಿನ ಮ್ಯಾಲ ಮೂರು ಗೆರಿ! ಹಿಂದಿನ ದಿನ ಒಬ್ಬ ಮಹಾಪುರುಷ ಇಲ್ಲೆ ಕಾಣಿಸಿಕೊಂಡಿದ್ದಂತ."

"ಇಲ್ಲೆ ಗಾಳ..." ಎಂದು ಶುರುಮಾಡಿದೆ.

"ಗಾಳಾ? ಇವು ಈಗ ದೇವರ ಮೀನಪಾ! ಮುಟ್ಟಿಗಿಟ್ಟೀರಿ!"

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ಅಜ್ಜಿ, ಆ ಗೆರಿ ಎಳದಾಂವ ನಾನ. ಬರೇ ಗುರುತಿಗೆ ಎಳದಿದ್ನಿ," ಎಂದು ಒಪ್ಪಿಕೊಂಡೆ.

ಅಜ್ಜಿ ಕಿಂಚಿತ್ತೂ ಅಲುಗಲಿಲ್ಲ. "ಖರೇ ಇರಬಹುದು. ಆದ್ರ ನಿನ್ನ ಕಡಿಂದ ಎಳಸಿದಾಂವ ಯಾರೋ ತಮ್ಮಾ?"

ನಾನು ತೆಪ್ಪಗೆ ಚಪ್ಪಲಿ ಕಳಚಿದೆ. ಹೊಳೆಗೆ ಬಂದಮೇಲೆ ಗಣಪತಿಯವರು ಆಗ ಮೊದಲ ಸಲ ಬಾಯಿಬಿಟ್ಟರು. "ಅಜ್ಜೀ, ಆ ಮಹಾಪುರುಷರು ನೋಡ್ಲಿಕ್ಕೆ ಹೇಗಿದ್ರಂತೆ?"

"ಆರು ಫೂಟು ಎತ್ತರ. ಮುಖದಾಗ ಸೂರ್ಯನ ಕಳಾ. ನೀರಿನ ಮ್ಯಾಲಿಂದ ನಡಕೋತ ಹ್ವಾದ್ನಂತ."

ಗಣಪತಿಯವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ದೂರ ಬಹಳ ಇರಲಿಲ್ಲ, ಬೇಗ ಮುಗಿಯಿತು. "ಹಾಗಾದ್ರೆ ನೀವಲ್ಲ ಬಿಡಿ, ಬೀಗರೇ!"

ಬೀಗರೇ! ಒಂದು ವರ್ಷದ ಮೇಲೆ! ಹೇಳಿ ಅವರು ನಕ್ಕರು ನೋಡಿ, ಅಜ್ಜಿಯ ಕೈಯ ತೆಂಗಿನ ಹೋಳು ನಡುಗಿತು.

ನಾನೂ ನಕ್ಕೆ, ಕಣ್ಣೊರೆಸಿಕೊಂಡೆ. "ಟಾರ್ಪನ್ ಅದಾವಂದಿದ್ದೂ ಸುಳ್ಳರಿ," ಎಂದೆ.

"ಅದು ಗೊತ್ತಿತ್ತು ಮಾರಾಯ್ರೆ! ಇಡೀ ಜನ್ಮ ಗಾಳ ಹಾಕಿದವ ನಾನು. ಮೀನು ಪಂಚಾಂಗದಲ್ಲಿ ಮಾತ್ರ ಅಂದವರು ನನಗೋಸ್ಕರ ಮೀನು ಹುಡುಕ್ಲಿಕ್ಕೆ ಹೊರಟಿದ್ದಾರೆ ಅಂತ ಸೊಸೆ ಹೇಳಿದ್ಳು. ಅದನ್ನ ನೋಡ್ಬೇಕು ಅಂತ್ಲೇ ನಿಮ್ಮ ಜೊತೆ ಹೊಳೆಗೆ ಬಂದೆ."

ಅಜ್ಜಿ ಇಬ್ಬರ ಕೈಗೂ ಪ್ರಸಾದದ ಚುರುಮುರಿ ಹಾಕಿದಳು. ಗಣಪತಿಯವರು ದಂಡೆಗೆ ಹೋಗಿ ಒಂದು ಹಿಡಿ ನೀರಿಗೆ ಎಸೆದರು. ನೀರು ಕುದಿದಂತಾಯಿತು! ದಿನವೂ ಬೀಳುವ ನೈವೇದ್ಯದ ರುಚಿ ಹತ್ತಿದ ಮೀನುಗಳು ಒಂದರ ಮೇಲೊಂದು ಹಾರಿದವು.

"ಎಂಥ ಜಾಗ ಬೀಗರೇ!" ಎಂದರು ಅವರು, ಗಾಳದ ಚೀಲವನ್ನು ಎದೆಗೊತ್ತಿಕೊಂಡು. "ನಾನು ಇಷ್ಟು ವರ್ಷದಲ್ಲಿ ಇಂಥ ಜಾಗ ಕಂಡಿಲ್ಲ."

ಜಿಲ್ಲೆಯಲ್ಲೇ ಶ್ರೇಷ್ಠವಾದ ಮೀನಿನ ಜಾಗವನ್ನು ನಾನು ಕಂಡುಹಿಡಿದಿದ್ದೆ. ಕಂಡುಹಿಡಿದು, ಅಲ್ಲಿ ಯಾರೂ ಮೀನು ಹಿಡಿಯದಂತೆಯೂ ಮಾಡಿದ್ದೆ! ಇಳಿಹೊತ್ತಿನವರೆಗೂ ಅಲ್ಲೇ ಕೂತು ಚುರುಮುರಿ ಎಸೆದೆವು. ಗಾಳ ಚೀಲದಿಂದ ಹೊರಗೆ ಬರಲೇ ಇಲ್ಲ.

ಎರಡು ತಿಂಗಳ ಮೇಲೆ ಗಣಪತಿಯವರು ಮತ್ತೆ ಬಂದರು, ಈ ಸಲ ಸೊಸೆಯನ್ನೂ ಕರೆದುಕೊಂಡು. ಗಾಳ ತಂದಿರಲಿಲ್ಲ, ಒಂದು ಚೀಲ ಚುರುಮುರಿ ತಂದಿದ್ದರು. ಬೆಳಿಗ್ಗೆಯೇ ದಾಂಡೇಲಿಯಲ್ಲಿ ಇಳಿದು, ನೇರ ಬಂಡೆಗೆ ಹೋಗಿ, ಚೀಲ ಖಾಲಿಯಾದ ಮೇಲೆ ಸಂಜೆ ನಮ್ಮ ಮನೆಗೆ ಬಂದರು.

"ಇವರನ್ನ ಮಾತಾಡ್ಸಾಕ ಬಂದ್ರೇನ್ರಿ ಅಣ್ಣಾರ?" ಎಂದು ಶಾಂತವ್ವ ಕೇಳಿದಳು.

"ಇಲ್ಲ ಅಕ್ಕಾ, ಮೀನು ನೋಡ್ಲಿಕ್ಕೆ ಬಂದದ್ದು," ಎಂದರು. "ಹೇಗೂ ಬಂದಿದ್ದೆ, ಬೀಗರನ್ನೂ ಒಂದು ನೋಡಿ ಹೋಗುವ ಅಂತ."

ಶಾಂತವ್ವ ನಗುತ್ತ ರೊಟ್ಟಿ ಬಡಿಯಲು ಒಳಗೆ ಹೋದಳು. ವಿದ್ಯಾ ನಮ್ಮಿಬ್ಬರಿಗೂ ಒಟ್ಟಿಗೇ ತಾಟು ಹಾಕಿದಳು.